ಬಂದರಿನ ಕಡೆಗಿದ್ದ ಲಾಂದ್ರ

ಅಮೆರಿಕದ ಉತ್ತರದ ಬಂದರು ಊರಾದ ಡುಲುತ್‌ಗೆ ಬಂದವರನ್ನು ಎರಡು ಗಂಟೆಯಲ್ಲಿ ಊರೆಲ್ಲ ಸುತ್ತಿಸಿ, ಹತ್ತಿದ ಜಾಗಕ್ಕೇ ತಂದಿಳಿಸುವುದು ನನ್ನ ಕೆಲಸ. ಚಳಿಗಾಲದಲ್ಲಿ ಶಾಲೆಯ ಬಸ್ಸು ಓಡಿಸುತ್ತೇನೆ, ಬೇಸಿಗೆಯಲ್ಲಿ ಪ್ರವಾಸಿಗರ ಬಸ್ಸು. ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಮಕ್ಕಳೂ ಕಿಟಕಿಯಿಂದ ಕೈ ಹೊರಗೆ ಹಾಕುತ್ತಾರೆ, ಇವರೂ ಹಾಕುತ್ತಾರೆ. ಹೊರಟ ಹತ್ತು ನಿಮಿಷಕ್ಕೆ ಕಕ್ಕಸು ಎಲ್ಲಿ ಎಂದು ಇಬ್ಬರೂ ಕೇಳುತ್ತಾರೆ.

ಗುಡ್ಡದ ನೆತ್ತಿಯ ಕಲ್ಲಿನ ಗೋಪುರ, ಗಣಿ ಧಣಿಗಳು ಕಟ್ಟಿಸಿದ ಬಂಗಲೆಗಳು, ಹಡಗು ಬಂದಾಗ ಇಡಿಯಾಗಿ ಮೇಲಕ್ಕೇಳುವ ಸೇತುವೆ, ಇವೆಲ್ಲ ಮುಗಿದ ಮೇಲೆ ಸೇತುವೆ ದಾಟಿ ಪಾಯಿಂಟ್‌ಗೆ ಹೋಗುತ್ತೇವೆ. ಒಂದು ಪಕ್ಕ ಸುಪೀರಿಯರ್ ಸರೋವರ, ಇನ್ನೊಂದು ಪಕ್ಕ ಬಂದರು, ನಡುವೆ ನಾಲಿಗೆಯ ಹಾಗೆ ಚಾಚಿಕೊಂಡ ಮರಳ ದಿಬ್ಬ. ಅದರ ಉದ್ದಕ್ಕೂ ಒಂದೇ ಬೀದಿ. ಆ ಬೀದಿಯ ಅರ್ಧದಲ್ಲಿ ಹಳದಿ ಬಣ್ಣದ ಮರದ ಮನೆಯೊಂದಿದೆ. ಮಾಡಿನ ಮೇಲೆ ಕಬ್ಬಿಣದ ಕಂಬ, ಕಂಬದ ತುದಿಗೆ ಕೆಂಪು ಗಾಜಿನ ಲಾಂದ್ರ. ಈಗ ಅದರೊಳಗೆ ವಿದ್ಯುತ್ ಬಲ್ಬು ಇದೆ, ಹಗಲೂ ಉರಿಯುತ್ತದೆ. ಅಲ್ಲಿ ಬಸ್ಸು ನಿಲ್ಲಿಸಿ ನಾನು ದನಿ ತಗ್ಗಿಸುತ್ತಿದ್ದೆ.

"ಈ ಮನೆಯಲ್ಲಿ ಹಿಲ್ಯಾ ಅನ್ನೋ ಫಿನ್ಲೆಂಡಿನ ಹೆಂಗಸು ಇದ್ದಳು. ಅವಳ ಗಂಡ ಅದಿರು ಹಡಗಲ್ಲಿ ಕೆಲಸಕ್ಕಿದ್ದ. ಒಂದು ನವೆಂಬರ್ ತಿಂಗಳ ಬಿರುಗಾಳಿಗೆ ಹಡಗು ಮುಳುಗಿತು. ಅವನಿಗೆ ದಾರಿ ಕಾಣಲಿ ಅಂತ ಅವಳು ಸಾಯೋ ತನಕ ಈ ಲಾಂದ್ರ ಹಚ್ಚಿಟ್ಟಳು."

ನನಗಿಂತ ಮುಂಚೆ ಈ ಬಸ್ಸು ಓಡಿಸುತ್ತಿದ್ದ ಆರ್ವಿಲ್ ಎಂಬ ಮುದುಕ ನನಗೆ ಒಪ್ಪಿಸಿಹೋದದ್ದು ಇಷ್ಟೇ. ಮಿಕ್ಕದ್ದನ್ನು ನಾನು ಸೇರಿಸಿದೆ. ಬೂದು ಉಣ್ಣೆಯ ಶಾಲು ಹೊದ್ದು ಕಿಟಕಿಯಲ್ಲಿ ನಿಲ್ಲುತ್ತಿದ್ದಳು ಎಂದೆ. ಅವನ ಕಾಫಿ ಬಟ್ಟಲನ್ನು ದಿನಾ ತೊಳೆದು ಮೇಜಿನ ಮೇಲೆ ಇಡುತ್ತಿದ್ದಳು ಎಂದೆ. ಶಾಲು ನನ್ನದು. ಬಟ್ಟಲು ನನ್ನ ಗಂಡ ಡೇಲ್‌ನದು. ಅವನ ಎದೆ ಬಡಿತ ನಿಂತ ವರ್ಷವೇ ನಾನು ಈ ಕೆಲಸಕ್ಕೆ ಸೇರಿದ್ದೆ. ಜನ ಕಣ್ಣೊರೆಸಿಕೊಳ್ಳುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಹಿಲ್ಯಾಳ ಹೆಸರಿನಲ್ಲಿ ನಾನು ದಿನಕ್ಕೆ ಮೂರು ಸಲ ನನ್ನ ಅಳು ಅತ್ತುಕೊಳ್ಳುತ್ತಿದ್ದೆ. ಡೇಲ್ ಹೋದ ದುಃಖ ತಿಳಿಯಾದ ಮೇಲೂ ಕತೆ ಮಾತ್ರ ಹಾಗೇ ಉಳಿಯಿತು. ಹತ್ತೊಂಬತ್ತು ವರ್ಷ ಹೇಳಿದೆ. ಮುಳುಗಿದ ಹಡಗಿನ ಹೆಸರೇನು ಎಂದು ಒಬ್ಬ ಶಾಲಾ ಮೇಷ್ಟ್ರು ಒಮ್ಮೆ ಕೇಳಿದಾಗ, ದಾಖಲೆ ಸಿಕ್ಕಿಲ್ಲ ಎಂದುಬಿಟ್ಟೆ. ನಾನು ಹುಡುಕಿಯೇ ಇರಲಿಲ್ಲ.

ಹೋದ ಜುಲೈನಲ್ಲಿ ಒಂದು ಮಧ್ಯಾಹ್ನ ಊರೊಳಗೆ ಬಿಸಿಲು ಚುರುಗುಟ್ಟುತ್ತಿದ್ದರೂ ಸರೋವರದ ಅಂಚಿನಲ್ಲಿ ಮಂಜು ಕವಿದು ಥಂಡಿ ಹಿಡಿದಿತ್ತು. ಚಡ್ಡಿ ಹಾಕಿಕೊಂಡು ಬಂದ ಪ್ರವಾಸಿಗರು ನಡುಗುತ್ತಾ ಕೂತಿದ್ದರು. ನನ್ನ ಹಿಂದಿನ ಸೀಟಿನಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಒಂಟಿಯಾಗಿ ಬಂದಿದ್ದಳು. ದಪ್ಪ ಸ್ವೆಟರು, ಮಡಿಲಲ್ಲಿ ಫ್ಲಾಸ್ಕು. ಥಂಡಿ ಇರುತ್ತದೆಂದು ಗೊತ್ತಿದ್ದವಳು, ಎಂದರೆ ಇಲ್ಲಿಯವಳೇ. ದಾರಿಯುದ್ದಕ್ಕೂ ಅವಳು ಒಂದು ಫೋಟೋ ತೆಗೆಯಲಿಲ್ಲ, ಒಂದು ಪ್ರಶ್ನೆ ಕೇಳಲಿಲ್ಲ. ಲಾಂದ್ರದ ಮನೆಯ ಮುಂದೆ ನಾನು ಶಾಲಿನ ಮಾತು ಎತ್ತಿದಾಗ ಕನ್ನಡಿಯಲ್ಲಿ ಅವಳ ಮುಖ ಕಂಡಿತು. ಹುಬ್ಬು ಮೇಲೇರಿತ್ತು.

ವಾಪಸು ಬರುವಾಗ ಸೇತುವೆ ಎದ್ದಿತ್ತು. ಸಾವಿರ ಅಡಿ ಉದ್ದದ ಹಡಗೊಂದು ಒಳಗೆ ಬರುತ್ತಿತ್ತು. ಅಂಥದ್ದೊಂದು ಸೇತುವೆ ಕೆಳಗಿನ ಕಾಲುವೆ ದಾಟಬೇಕಾದರೆ ಪಾಯಿಂಟ್‌ನವರು ಮದುವೆಗೆ ಹೊರಟಿರಲಿ, ಹೆರಿಗೆಗೆ ಹೊರಟಿರಲಿ, ಕಾಯಲೇಬೇಕು. ಜನರೆಲ್ಲ ಇಳಿದು ಹಡಗು ನೋಡಲು ಓಡಿದರು. ಅಜ್ಜಿ ಇಳಿಯಲಿಲ್ಲ.

"ನೀವು ನೋಡಲ್ವಾ?" ಎಂದೆ.

"ಸಾಕಷ್ಟು ನೋಡಿದೀನಿ." ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಂಡಳು. "ನಿನ್ನ ಹೆಸರೇನಮ್ಮ?"

"ಮಾರ್ಲಿಸ್."

"ಮಾರ್ಲಿಸ್, ಆ ಲಾಂದ್ರ ಯಾವ ಕಡೆಗಿದೆ ಅಂತ ಯಾವತ್ತಾದರೂ ನೋಡಿದೀಯಾ?"

"ಮಾಡಿನ ಮೇಲೆ."

"ಮಾಡಿನ ಮೇಲೆ ಅಂತ ಕುರುಡರಿಗೂ ಗೊತ್ತು. ಯಾವ ಕಡೆ?"

ಕಣ್ಣ ಮುಂದೆ ಮನೆಯನ್ನು ತಂದುಕೊಂಡೆ. ಕಂಬ ಮಾಡಿನ ಹಿಂಬದಿಗಿತ್ತು. ಸರೋವರದ ಕಡೆಗಲ್ಲ, ಬಂದರಿನ ಕಡೆಗೆ. ಆಚೆ ದಡದಲ್ಲಿ ಧಾನ್ಯದ ಕಣಜಗಳು, ಕಲ್ಲಿದ್ದಲಿನ ಕಟ್ಟೆಗಳು ಇರುವ ಕಡೆಗೆ. ಸರೋವರದಿಂದ ಬರುವವನಿಗೆ ಮಾಡು ಅಡ್ಡ ಬಂದು ಆ ಬೆಳಕು ಕಾಣುವಂತೆಯೇ ಇರಲಿಲ್ಲ. ಐದಾರು ಸಾವಿರ ಸಲ ಅದರ ಮುಂದೆ ಬಸ್ಸು ನಿಲ್ಲಿಸಿದ್ದೆ.

"ನಾನು ಲೆಂಪಿ. ಹಿಲ್ಯಾಳ ಎರಡನೇ ಮಗಳು," ಎಂದಳು ಅವಳು. "ನಮ್ಮ ಐತಿ ಜನ್ಮದಲ್ಲಿ ಶಾಲು ಹೊದ್ದೋಳಲ್ಲ. ಶಾಲು ಹೊದ್ದುಕೊಂಡು ಬಟ್ಟೆ ಒಗೆಯೋಕಾಗುತ್ತೇನೇ?"

ಐತಿ ಎಂದರೆ ಅವರ ಭಾಷೆಯಲ್ಲಿ ಅವ್ವ. ಮೈಕು ಆರಿಸಿದ್ದೇನೋ ಇಲ್ಲವೋ ಎಂದು ಎರಡು ಸಲ ನೋಡಿಕೊಂಡೆ.

ಲೆಂಪಿ ಹೇಳಿದ್ದು ಇದು. ಅವಳ ಅವ್ವ ಹಡಗಿನವರ ಬಟ್ಟೆ ಒಗೆಯುತ್ತಿದ್ದಳು. ಬೆಳಿಗ್ಗೆ ಬಂದು ಕಟ್ಟೆಗೆ ನಿಂತ ಹಡಗು ಸರಕು ತುಂಬಿಕೊಂಡು ಸಂಜೆಗೆ ಹೊರಟುಬಿಡುತ್ತದೆ. ಅಷ್ಟರೊಳಗೆ ಇಪ್ಪತ್ತು ಇಪ್ಪತ್ತೈದು ಗಂಡಸರ ಅದಿರು ಮೆತ್ತಿದ ಬಟ್ಟೆ ಒಗೆದು, ಒಣಗಿಸಿ, ಮಡಿಸಿ ಕೊಡಬೇಕು. ಹಿತ್ತಲಲ್ಲಿ ಸೌನಾ ಇತ್ತು. ಮರದ ದಿಮ್ಮಿಯ ಪುಟ್ಟ ಗುಡಿಸಲು, ಒಳಗೆ ಕಲ್ಲು ಕಾಯಿಸುವ ಒಲೆ, ಪಕ್ಕದಲ್ಲಿ ನೀರಿನ ಹಂಡೆ. ಫಿನ್ಲೆಂಡಿನವರು ಅದರಲ್ಲಿ ಶನಿವಾರ ಶನಿವಾರ ಬೆವರಿ ಮೈ ತೊಳೆಯುತ್ತಾರೆ. ಹಿಲ್ಯಾ ಮಿಕ್ಕ ಆರು ದಿನ ಅದೇ ಹಂಡೆಯಲ್ಲಿ ಬಟ್ಟೆ ಬೇಯಿಸುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಯಾರ ಅಂಗಿ ಯಾರದೆಂದು ಗುರುತಿಗೆ ಕಾಲರಿನ ಒಳಗೆ ಬಣ್ಣದ ದಾರದಲ್ಲಿ ಎರಡು ಹೊಲಿಗೆ ಹಾಕುತ್ತಿದ್ದಳು. ಎಲ್ಲ ಮುಗಿದಾಗ ಲಾಂದ್ರ ಮೇಲೇರಿಸುತ್ತಿದ್ದಳು. ಹಡಗಿಂದ ಹಡಗಿಗೆ ತಂಬಾಕು, ಸೋಪು ಮಾರಿಕೊಂಡು ತಿರುಗುವ ದೋಣಿಯವನು ಅದನ್ನು ನೋಡಿ ಬಂದು ಗಂಟು ಒಯ್ಯುತ್ತಿದ್ದ.

"ಅಂಗಡಿ ಬೋರ್ಡು ಕಣೇ ಅದು," ಎಂದಳು ಲೆಂಪಿ. "ನೀವು ದೇವರ ದೀಪ ಮಾಡಿಬಿಟ್ರಿ."

"ನಿಮ್ಮ ಅಪ್ಪ?"

ಹಡಗು ಕೂಗಿತು. ಸೇತುವೆಯ ಸೈರನ್ನು ಅದಕ್ಕೆ ಮರುದನಿ ಕೊಟ್ಟಿತು. ಹೊರಗೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಸದ್ದು ಅಡಗುವ ತನಕ ಅವಳು ಕಾದಳು.

"ಅಪ್ಪ ಮುಳುಗಲಿಲ್ಲ. ಒಹಾಯೋದಲ್ಲಿ ಹಡಗಿಳಿದ, ಅಲ್ಲೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ನನಗಾಗ ಹನ್ನೊಂದು ವರ್ಷ, ಅಕ್ಕ ಐಲಿಗೆ ಹದಿಮೂರು. ಕಾಗದ ಬಂತು. ಐಲಿ ಓದಿ ಹೇಳಿದಳು. ಐತಿ ಅದನ್ನ ತಗೊಂಡು ಹಂಡೆ ಒಲೆಗೆ ಹಾಕಿದಳು. 'ಇವತ್ತಿಂದ ಅಪ್ಪ ಮುಳುಗಿ ಸತ್ತ. ಯಾರು ಕೇಳಿದರೂ ಅಷ್ಟೇ,' ಅಂದಳು. ಆ ಭಾನುವಾರ ಇಗರ್ಜಿಯಲ್ಲಿ ಎಲ್ಲರೂ ಬಂದು ಅವಳ ಕೈ ಹಿಡ್ಕೊಂಡರು. ಒಂದು ವಾರ ನೆರೆಹೊರೆಯವರು ಅಡುಗೆ ತಂದುಕೊಟ್ಟರು. ಅಷ್ಟು ಚೆನ್ನಾಗಿ ನಾವು ಯಾವತ್ತೂ ಉಂಡಿರಲಿಲ್ಲ."

"ಯಾರಿಗೂ ಗೊತ್ತಾಗಲಿಲ್ವಾ?"

"ಆ ವರ್ಷ ಯಾವ ಹಡಗೂ ಮುಳುಗಲಿಲ್ಲ, ಮಾರ್ಲಿಸ್! ಅಪ್ಪ ಹೋಗಿದ್ದ ಹಡಗು ಮಾರನೇ ವಾರವೇ ಇದೇ ಕಾಲುವೆಯಲ್ಲಿ ಕೂಗ್ತಾ ಬಂತು. ಇಡೀ ಪಾಯಿಂಟ್‌ಗೆ ಗೊತ್ತಿತ್ತು. ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ಕೇಳು."

ಸೇತುವೆ ಇಳಿಯಿತು. ಜನ ಹತ್ತಿದರು. ಹಿಂದೆ ಕಾರುಗಳು ಸಾಲುಗಟ್ಟಿದ್ದವು, ನಾನು ಹೊರಡಬೇಕಾಯಿತು. ಸುತ್ತಾಟ ಮುಗಿದು ಎಲ್ಲರೂ ಇಳಿದ ಮೇಲೆ ಕೊನೆಗೆ ಲೆಂಪಿ ಮೆಟ್ಟಿಲಿಳಿಯುತ್ತಿದ್ದಳು. ಮೊಣಕೈ ಹಿಡಿದು ಇಳಿಸಿ ಕೇಳಿದೆ. "ನಾಳೆ ನಾನು ಏನು ಹೇಳಲಿ?"

"ನಂಗೇನು ಗೊತ್ತು? ಮೊಮ್ಮಗಳು ಫ್ರಿಜ್ಜಿಗೆ ಅಂಟಿಸೋ ಬಿಲ್ಲೆ ತಂದಿದ್ದಳು. ಅದರ ಮೇಲೆ ಶಾಲು ಹೊದ್ದ ಯಾವಳೋ ಅಳ್ತಾ ನಿಂತಿದ್ದಳು, ಕೆಳಗೆ ನಮ್ಮ ಐತಿ ಹೆಸರು. ಏನು ಹೇಳ್ತಾರೋ ಒಂದು ಸಲ ಕೇಳಿಬರೋಣ ಅಂತ ಬಂದೆ. ಬಸ್ಸು ನಿಂದು, ಬಾಯಿ ನಿಂದು." ನನ್ನ ಟಿಪ್ಪಣಿ ಪುಸ್ತಕ ಇಸಕೊಂಡು ಅದರಲ್ಲಿ ಫೋನ್ ನಂಬರು ಬರೆದುಕೊಟ್ಟಳು. ಬಂದರಿನ ಆಚೆ ದಡದ ಊರಿನದು.

ಮಾರನೆಯ ದಿನ ನಾನು ನಿಜ ಹೇಳಿದೆ. ಹತ್ತೊಂಬತ್ತು ವರ್ಷದ ಸುಳ್ಳು ತೊಳೆದುಕೊಳ್ಳುವ ಆತುರಕ್ಕೆ ಬಿದ್ದವಳ ಹಾಗೆ ಎಲ್ಲವನ್ನೂ ಹೇಳಿದೆ. ಬಟ್ಟೆ, ಹಂಡೆ, ದಾರದ ಗುರುತು, ಒಹಾಯೋದ ಕಾಗದ, ನೆರೆಯವರು ತಂದ ಅಡುಗೆ. ಜನರಿಗೆ ಸಪ್ಪೆಯಾಗುತ್ತದೆ, ಯಾರೂ ಕಣ್ಣೊರೆಸಿಕೊಳ್ಳುವುದಿಲ್ಲ ಎಂದು ಹೆದರಿದ್ದೆ. ಹಾಗಾಗಲಿಲ್ಲ. ಬಸ್ಸಿಗೆ ಬಸ್ಸೇ ಜೀವ ಬಂದಂತೆ ಎದ್ದು ಕೂತಿತು.

"ಅವಳು ಚೆಂದ ಇದ್ದಳಂತಾ, ಒಹಾಯೋದವಳು?" ಎಂದು ಹಿಂದಿನಿಂದ ಒಬ್ಬಳು ಕೂಗಿದಳು.

"ಪಾಪ, ದಿನಾ ಸೋಪಿನ ವಾಸನೆ ಕುಡಿದು ಓಡಿಹೋಗಿರಬೇಕು!" ಎಂದ ಟೋಪಿಯವನೊಬ್ಬ. ಅವನ ಹೆಂಡತಿ ಅವನ ತೋಳಿಗೆ ಹೊಡೆದು ತಾನೂ ನಕ್ಕಳು. ಇಡೀ ಬಸ್ಸು ನಕ್ಕಿತು. ಮನೆಯ ಫೋಟೋ ತೆಗೆಯುವಾಗಲೂ ನಗುತ್ತಿದ್ದರು. ಬಟ್ಟೆಯ ವಿಷಯ ಯಾರಿಗೂ ನೆನಪಿರಲಿಲ್ಲ. ಎರಡನೇ ಸುತ್ತಿನಲ್ಲೂ ಹಾಗೇ ಆಯಿತು. ಮೂರನೇ ಸುತ್ತಿನಲ್ಲಿ ನಾನು ಆ ಮನೆಯ ಮುಂದೆ ನಿಲ್ಲಿಸಲೇ ಇಲ್ಲ. ರಸ್ತೆ ಕೆಲಸ ನಡೀತಿದೆ ಎಂದು ಸುಳ್ಳು ಹೇಳಿ ಮುಂದೆ ಹೋದೆ.

ತನ್ನ ಕೈಯಿಂದಲೇ ಕಾಗದ ಸುಟ್ಟು, ಸಾಯುವ ತನಕ ಬಾಯಿ ಕಟ್ಟಿಕೊಂಡಿದ್ದಳು ಆ ಹೆಂಗಸು. ಅವಳ ನೆರೆಯವರು ಗೊತ್ತಿದ್ದೂ ಬಾಯಿ ಕಟ್ಟಿಕೊಂಡಿದ್ದರು. ನಾನು ಒಂದೇ ದಿನದಲ್ಲಿ ಅದನ್ನು ಎಂಬತ್ತು ಜನ ಪರವೂರಿನವರ ಮುಂದೆ ಬಿಚ್ಚಿಟ್ಟು ನಗಿಸಿದ್ದೆ. ಅವಳನ್ನು ಶಾಲು ಹೊದ್ದು ಅಳುವವಳನ್ನಾಗಿ ಮಾಡಿದ್ದಕ್ಕೂ ಇಷ್ಟು ನಾಚಿಕೆಯಾಗಿರಲಿಲ್ಲ.

ಆ ಭಾನುವಾರ ಬಂದರು ಸುತ್ತಿ ಲೆಂಪಿಯ ಮನೆಗೆ ಹೋದೆ. ಅವಳು ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡು ಕೊಯ್ದಿಟ್ಟಳು. ನಡೆದದ್ದನ್ನು ಒಂದೂ ಮುಚ್ಚಿಡದೆ ಹೇಳಿದೆ, ಟೋಪಿಯವನ ಮಾತನ್ನೂ. ಅವಳು ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಬೆರಳಿಂದ ಒಂದು ಕಡೆಗೆ ಒತ್ತರಿಸಿದಳು.

"ನಿನ್ನ ಮೇಲೆ ಕೋಪ ಮಾಡ್ಕೊಳ್ಳೋಣ ಅಂದ್ರೆ, ಬಾಯಿಬಿಟ್ಟೋಳು ನಾನೇ," ಎಂದಳು. "ಐಲಿ ಇವತ್ತಿಗೂ ಹೇಳಲ್ಲ. ಅವಳ ಮಕ್ಕಳು ಇವತ್ತಿಗೂ ತಾತ ಮುಳುಗಿ ಸತ್ತ ಅಂತಲೇ ತಿಳ್ಕೊಂಡಿದ್ದಾರೆ. ಎಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು, ಒಂದು ಬಸ್ಸಿನ ಡ್ರೈವರ್ ಮುಂದೆ ಕಕ್ಕಿಬಿಟ್ಟೆ ನೋಡು. ಯಾಕೋ."

"ಆ ನಿಲುಗಡೆನೇ ತೆಗೆದುಬಿಡ್ತೀನಿ, ಲೆಂಪಿ."

"ಯಾಕೆ ತೆಗೀತೀಯಾ? ಅವಳು ಒಗೆದ ಬಟ್ಟೆ ಏನಾಯ್ತು ಹಾಗಾದ್ರೆ?" ಅವಳ ದನಿ ಮೊದಲ ಸಲ ಏರಿತು. "ಸಾವಿರಾರು ಜನರ ಬಟ್ಟೆ ಕಣೇ! ಕೈ ಬೆರಳು ಮಡಿಚೋಕಾಗ್ತಿರಲಿಲ್ಲ ಅವಳಿಗೆ, ಕೊನೆಗಾಲದಲ್ಲಿ. ಅದನ್ನ ಹೇಳು. ಅಪ್ಪನ ವಿಷಯ ಅವಳು ಮುಚ್ಚಿಟ್ಟದ್ದು, ಮುಚ್ಚಿಯೇ ಇರಲಿ. ಯಾರಾದ್ರೂ ಕೇಳಿದ್ರೆ, ಹಡಗು ಹತ್ತಿ ಹೋದ, ವಾಪಸ್ ಬರಲಿಲ್ಲ ಅನ್ನು. ಅದರಲ್ಲಿ ಸುಳ್ಳೇನಿದೆ?"

ನಾನು ಆ ಮಾತನ್ನು ಬಾಯಲ್ಲಿ ಒಮ್ಮೆ ಆಡಿನೋಡಿಕೊಂಡೆ. ಸುಳ್ಳು ಇರಲಿಲ್ಲ.

ಲಾಂದ್ರದ ಮನೆಯಲ್ಲಿ ಈಗಿರುವವಳು ನೊಯೆಲ್. ಮಿನಿಯಾಪೊಲಿಸ್‌ನಲ್ಲಿ ಹಲ್ಲಿನ ಡಾಕ್ಟರಾಗಿ ನಿವೃತ್ತಳಾಗಿ ಬಂದವಳು. ಕತೆ ಕೇಳಿಯೇ ಮನೆ ಕೊಂಡದ್ದು ಎಂದು ಎಲ್ಲರಿಗೂ ಹೇಳುತ್ತಿದ್ದಳು, ಬಲ್ಬು ಕೆಟ್ಟರೆ ಆ ದಿನವೇ ಏಣಿ ಹಾಕಿಸುತ್ತಿದ್ದಳು. ಅವಳಿಗೆ ಹೇಳದೆ ಕತೆ ಬದಲಾಯಿಸುವುದು ಸರಿಯಲ್ಲ ಎನಿಸಿ ಮುಂದಿನ ವಾರ ಲೆಂಪಿಯನ್ನು ಕರೆದುಕೊಂಡು ಹೋದೆ. ನೊಯೆಲ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಮುಖ ಸಣ್ಣದಾಯಿತು.

"ಹಾಗಾದ್ರೆ ಅವಳು ಕಾಯ್ತಾನೇ ಇರಲಿಲ್ವಾ?"

"ಬಟ್ಟೆ ಒಣಗೋದನ್ನ ಕಾಯ್ತಿದ್ದಳು," ಎಂದಳು ಲೆಂಪಿ. "ಹಿತ್ತಲಿನ ಸೌನಾ ಇದೆಯೋ, ಕೆಡವಿಸಿಬಿಟ್ಟಿಯೋ?"

ಕೆಡವಿಸಿರಲಿಲ್ಲ. ನೊಯೆಲ್ ಅದನ್ನು ಸಾಮಾನು ತುಂಬುವ ಕೋಣೆ ಮಾಡಿಕೊಂಡಿದ್ದಳು. ಹುಟ್ಟುಗಳು, ಹಿಮ ಎತ್ತುವ ಸಲಿಕೆ, ಮುರಿದ ಕುರ್ಚಿಗಳನ್ನು ಮೂವರೂ ಸೇರಿ ಹೊರಗೆ ಹಾಕಿದೆವು. ನೆಲ ಮಧ್ಯಕ್ಕೆ ಇಳಿಜಾರಾಗಿತ್ತು, ನಡುವೆ ನೀರು ಹೋಗಲು ಕಂಡಿ. ಗೋಡೆಯ ಸುತ್ತ ಎದೆಯೆತ್ತರಕ್ಕೆ ಮರದ ಗೂಟಗಳ ಸಾಲು. ಅವು ಯಾಕಿವೆ ಎಂದು ತನಗೆ ಹನ್ನೆರಡು ವರ್ಷದಿಂದ ಗೊತ್ತಾಗಿರಲಿಲ್ಲ ಎಂದಳು ನೊಯೆಲ್. ಒಬ್ಬೊಬ್ಬನ ಬಟ್ಟೆಗೆ ಒಂದೊಂದು ಗೂಟ ಎಂದು ಲೆಂಪಿ ಅವುಗಳನ್ನು ಮುಟ್ಟುತ್ತಾ ಹೋದಳು. ಮೂರನೆಯ ಗೂಟದ ಬುಡದಲ್ಲಿ ಹಸಿರು ದಾರದ ಒಂದು ಎಳೆ ಇನ್ನೂ ಸುತ್ತಿಕೊಂಡಿತ್ತು. ಅವಳು ಅದನ್ನು ಬಿಚ್ಚಲಿಲ್ಲ. ಹಂಡೆ ಇದ್ದ ಜಾಗಕ್ಕೆ ಹೋಗಿ ಕಾಲು ಅಗಲಿಸಿ ನಿಂತು, ಎರಡೂ ಕೈಯಲ್ಲಿ ಗಾಳಿಯಲ್ಲಿ ಏನನ್ನೋ ಹಿಡಿದು ತಿರುಗಿಸಿದಳು.

"ಹಿಂಡೋ ಯಂತ್ರ ಇಲ್ಲಿತ್ತು. ನಾನು ಹಿಡಿ ತಿರುಗಿಸೋದು, ಐಲಿ ಆಚೆಯಿಂದ ಎಳೆಯೋದು. ಐತಿ ಹಾಡು ಹೇಳೋಳು. ಕೆಟ್ಟ ಕೆಟ್ಟ ಹಾಡು! ಹಡಗಿನವರಿಂದ ಕಲಿತದ್ದು. ಅರ್ಥ ಅವಳಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ."

ಅವಳು ನಗುತ್ತಿದ್ದಳು, ನಗುನಗುತ್ತಲೇ ಕಣ್ಣೀರು ಇಳಿಯಿತು. ನೊಯೆಲ್ ಮುರಿದ ಕುರ್ಚಿಯೊಂದನ್ನು ಒಳಗೆ ತಂದು ಅವಳನ್ನು ಕೂರಿಸಿದಳು.

ಹೊಸ ಕತೆ ಹೇಳಲು ಶುರುಮಾಡಿದ ಒಂದು ವಾರಕ್ಕೆ ಬಸ್ಸಿನ ಧಣಿ ಕರ್ಟ್ ನನ್ನನ್ನು ಕರೆಸಿದ. ಅವನು ಚಿಕ್ಕವನಿದ್ದಾಗ ನನ್ನ ಶಾಲೆ ಬಸ್ಸಿನಲ್ಲೇ ಓಡಾಡಿದವನು. ಆದ್ದರಿಂದ ಬೈಯಬೇಕಾದಾಗಲೂ ಗೋಡೆ ನೋಡಿಕೊಂಡು ಬೈಯುತ್ತಾನೆ.

"ಜನ ಲಾಂದ್ರದ ಮನೆ ಕತೆ ಕೇಳೋಕೆ ಬರ್ತಾರೆ, ಮಾರ್ಲಿಸ್. ನೀವು ನೋಡಿದ್ರೆ ಬಟ್ಟೆ ಒಗೆಯೋ ಕತೆ ಹೇಳ್ತಿದೀರಂತೆ."

"ನಿಜ ಅದೇ."

"ಇರಬಹುದು. ನಮ್ಮ ಅಂಗಡೀಲಿ ಬಿಲ್ಲೆ ಮೂರು ಪೆಟ್ಟಿಗೆ ಬಿದ್ದಿದೆಯಲ್ಲ ಶಾಲು ಹೊದ್ಕೊಂಡು, ಅದಕ್ಕೇನು ಹೇಳಲಿ?"

"ಒಂದಿನ ನೀನೇ ಬಸ್ಸಲ್ಲಿ ಕೂತು ಕೇಳು ಕರ್ಟ್. ಆಮೇಲೆ ಬೇಡ ಅಂದ್ರೆ ನನ್ನನ್ನೇ ಬಿಡಿಸು."

ಹಾಗೆ ಹೇಳಿದ್ದು ಧೈರ್ಯದಿಂದಲ್ಲ, ಹಟದಿಂದ. ಕೆಲಸ ಹೋದರೆ ಬೇಸಿಗೆಯಿಡೀ ಮನೆಯಲ್ಲಿ ಕೂತು ಏನು ಮಾಡಲಿ ಎಂದು ಯೋಚಿಸಿದ್ದು ಆಮೇಲೆ.

ಅವನು ಬಂದದ್ದು ಸೆಪ್ಟೆಂಬರ್‌ನಲ್ಲಿ. ಕೊನೆಯ ಸಾಲಿನಲ್ಲಿ ತೋಳು ಕಟ್ಟಿ ಕೂತ. ಮನೆಯ ಮುಂದೆ ಬಸ್ಸು ನಿಲ್ಲಿಸಿ, ಈ ಸಲ ದನಿ ತಗ್ಗಿಸದೆ, ಮಾಮೂಲಿ ದನಿಯಲ್ಲೇ ಹೇಳಿದೆ. ಬೆಳಿಗ್ಗೆ ಬಂದ ಗಂಟು ಸಂಜೆಯೊಳಗೆ ಹೇಗೆ ಒಣಗಬೇಕಿತ್ತು, ಮಳೆ ಬಂದ ದಿನ ಒಲೆಯ ಮೇಲೆ ಹಗ್ಗ ಕಟ್ಟಿ ಹೇಗೆ ಒಣಗಿಸುತ್ತಿದ್ದರು, ಓದು ಬಾರದವಳು ಇಪ್ಪತ್ತೈದು ಜನರ ಅಂಗಿ ಹೇಗೆ ಬೇರೆ ಮಾಡುತ್ತಿದ್ದಳು, ಲಾಂದ್ರ ಯಾಕೆ ಬಂದರಿನ ಕಡೆಗಿದೆ. ಎಲ್ಲರೂ ಮಾಡಿನ ಕಡೆ ನೋಡಿ, ತಿರುಗಿ ಆಚೆ ದಡದ ಕಣಜಗಳನ್ನು ನೋಡಿದರು. ಯಾರೂ ಅಳಲಿಲ್ಲ. ಅಯೋವಾದಿಂದ ಬಂದಿದ್ದ ದೊಡ್ಡ ಕೈಗಳ ಒಬ್ಬ ಮುದುಕ ಕೇಳಿದ.

"ಯಾವ ಸೋಪು ಹಾಕ್ತಿದ್ದಳು?"

"ಹಳದಿ ಸೋಪಿನ ಗಟ್ಟಿ. ಚಾಕುವಲ್ಲಿ ತುರಿದು ಹಂಡೆಗೆ ಹಾಕ್ತಿದ್ದಳಂತೆ."

"ನಮ್ಮಮ್ಮನೂ ಹಾಗೇ ಮಾಡೋಳು," ಎಂದು ಅವನು ಪಕ್ಕದಲ್ಲಿ ಕೂತ ಅಪರಿಚಿತನಿಗೆ ತನ್ನ ಅಮ್ಮನ ವಿಷಯ ಹೇಳತೊಡಗಿದ. ಅವನ ಮಾತು ಸೇತುವೆ ದಾಟಿದರೂ ನಿಲ್ಲಲಿಲ್ಲ. ಹಸುಗೂಸು ಎತ್ತಿಕೊಂಡಿದ್ದ ಒಬ್ಬಳು, "ಗಂಡ ಏನಾದ?" ಎಂದಳು.

"ಹಡಗು ಹತ್ತಿ ಹೋದ. ವಾಪಸ್ ಬರಲಿಲ್ಲ," ಎಂದೆ.

ಅವಳು ತಲೆಯಾಡಿಸಿ ಕೂಸನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡಳು.

ಕರ್ಟ್ ಇಳಿಯುವಾಗ ಒಳ್ಳೆಯದೆಂದೂ ಅನ್ನಲಿಲ್ಲ, ಕೆಟ್ಟದ್ದೆಂದೂ ಅನ್ನಲಿಲ್ಲ. ಮೆಟ್ಟಿಲ ಮೇಲೆ ನಿಂತು, "ನಮ್ಮಜ್ಜಿ ಮೀನಿನ ಕಾರ್ಖಾನೆಯಲ್ಲಿ ಮೀನು ಹಸನು ಮಾಡ್ತಿದ್ದಳು. ಅವಳ ಹತ್ತಿರ ಕೂತ್ಕೊಳ್ಳೋವಾಗ ನಾವು ಮೂಗು ಮುಚ್ಚಿಕೊಳ್ತಿದ್ವಿ," ಎಂದಷ್ಟೇ ಹೇಳಿ ಹೋದ. ಬಿಲ್ಲೆಗಳು ಇನ್ನೂ ಮಾರಾಟಕ್ಕಿವೆ. ಹೊಸ ಪೆಟ್ಟಿಗೆ ತರಿಸುವುದಿಲ್ಲ ಎಂದು ಅಂಗಡಿ ನೋಡಿಕೊಳ್ಳುವವಳ ಬಾಯಲ್ಲಿ ಕೇಳಿದೆ.

ಅಕ್ಟೋಬರ್‌ನಲ್ಲಿ, ಪ್ರವಾಸಿಗರ ಬಸ್ಸು ಶೆಡ್ಡು ಸೇರಿದ ವಾರ, ನೊಯೆಲ್ ಫೋನ್ ಮಾಡಿದಳು. ಸೌನಾದ ಹೊಗೆಕೊಳವೆ ರಿಪೇರಿ ಮಾಡಿಸಿದ್ದಳಂತೆ. ಒಲೆಗೆ ಹೊಸ ಕಲ್ಲು ತುಂಬಿಸಿದ್ದಳಂತೆ. ಕಾಯಿಸುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಲೆಂಪಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಅವಳು ಕೋಟು ಕೂಡ ಬಿಚ್ಚದೆ ಬಗ್ಗಿ ಕಟ್ಟಿಗೆ ಹೊಂದಿಸಿದಳು. ಬರ್ಚ್ ಮರದ್ದೇ ಆಗಬೇಕು, ಹಸಿ ಕಟ್ಟಿಗೆ ಬೇಡ, ಹೊಗೆ ಪೂರ್ತಿ ಹೋಗುವ ತನಕ ಯಾರೂ ಒಳಗೆ ಕಾಲಿಡಬಾರದು ಎಂದು ಹಲ್ಲಿನ ಡಾಕ್ಟರಿಗೆ ಗದರಿಸಿದಳು. ಎರಡು ಗಂಟೆ ಕಾದೆವು.

ಮೂವರೂ ಟವೆಲು ಸುತ್ತಿಕೊಂಡು ಗೂಟಗಳ ಕೆಳಗಿನ ಹಲಗೆಯ ಮೇಲೆ ಕೂತೆವು. ಬಂದರಿನಲ್ಲಿ ಯಾವುದೋ ಹಡಗು ಧಾನ್ಯ ತುಂಬಿಕೊಳ್ಳುತ್ತಿದ್ದ ಸದ್ದು ಗೋಡೆಯಾಚೆಯಿಂದ ಸಣ್ಣಗೆ ಕೇಳುತ್ತಿತ್ತು. ನೊಯೆಲ್ ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಹಾಕಿದಳು. ಹಬೆ ಬುಸ್ಸೆಂದು ಎದ್ದು ನನ್ನ ಮುಖಕ್ಕೆ ಹೊಡೆಯಿತು, ಉಸಿರು ಕಟ್ಟಿದಂತಾಯಿತು. ಬಾಗಿಲು ತೆಗೆಯೋಣವೇ ಎಂದು ಕೇಳಬೇಕೆಂದಿದ್ದೆ.

"ಇಷ್ಟೇನಾ?" ಎಂದಳು ಕಣ್ಣು ಮುಚ್ಚಿ ಕೂತಿದ್ದ ಲೆಂಪಿ. "ಇನ್ನೆರಡು ಸೌಟು ಹಾಕು, ನೊಯೆಲ್. ನಾವೇನು ಟೀ ಕಾಯಿಸ್ತಿದೀವಾ?"